ಎರಡು ಮಷೀನುಗಳನ್ನು ವಾಪಸ್ ಕಳಿಸಿದವಳು

ನಮ್ಮ ಆಸ್ಪತ್ರೆಯಲ್ಲಿ ಹೃದಯದ ಗ್ರಾಫ್ ತೆಗೆಯುವವಳಿಗೆ ಹೆಸರೊಂದು ಇದ್ದೇ ಇದೆ. ಆದರೆ ಸಂಬಳದ ದಿನ ಬಿಟ್ಟರೆ ಅದು ಉಪಯೋಗಕ್ಕೆ ಬರುವುದಿಲ್ಲ. ಉಳಿದ ದಿನ ಅವಳು ಇಸಿಜಿ ಅಕ್ಕ. ನಾನು ಪಕ್ಕದ ಎಕ್ಸ್-ರೇ ಕೋಣೆಯವಳು. ನಮ್ಮಿಬ್ಬರ ನಡುವೆ ಒಂದು ಗೋಡೆ, ಒಂದು ಟೀ ಫ್ಲಾಸ್ಕು, ಇಪ್ಪತ್ತೆರಡು ವರ್ಷ. ಜಗಳವಾಡದ ವಾರವಿಲ್ಲ. ಜಗಳವಾಡಿ ಟೀ ಬಿಟ್ಟ ದಿನವೂ ಇಲ್ಲ.

ಅಕ್ಕನಿಗೆ ಈಗ ಐವತ್ತೆರಡು. ಮುಟ್ಟು ನಿಂತಾಗ "ಪೀಡೆ ಕಳೀತು" ಎಂದು ನನಗೊಂದು ಕೇಕ್ ಕೊಡಿಸಿ ತಾನು ಎರಡು ತಿಂದಿದ್ದಳು. ಬೆಳಗ್ಗೆ ಐದಕ್ಕೆ ಎದ್ದು ಗಂಡನಿಗೆ, ಅತ್ತೆಗೆ, ಇಬ್ಬರು ಹೆಣ್ಣುಮಕ್ಕಳಿಗೆ ತಿಂಡಿ ಮಾಡಿಟ್ಟು, ತಾನು ಬರಿಹೊಟ್ಟೆಯಲ್ಲಿ ಬಸ್ ಹತ್ತುವಳು. ಹನ್ನೊಂದಕ್ಕೆ ಹಸಿವು ನೆತ್ತಿಗೇರಿದಾಗ ರೋಗಿಗಳ ಕಡೆಯವರು ಕೊಟ್ಟ ಬಿಸ್ಕತ್ತು, ಕ್ಯಾಂಟೀನಿನ ಕರಿದ ತಿಂಡಿ. ಊಟ ಮಧ್ಯಾಹ್ನ ಮೂರಕ್ಕೆ, ಅದೂ ರೋಗಿ ಮಲಗುವ ಮಂಚದ ಅಂಚಿನಲ್ಲಿ ಕೂತು. ಒಂದು ಮಹಡಿ ಹತ್ತಲೂ ಲಿಫ್ಟೇ ಬೇಕು. ಬಿಪಿ ಮಾತ್ರೆಯನ್ನು ಆರು ತಿಂಗಳು ನುಂಗಿ, ಬಿಪಿ ಸರಿಹೋಯಿತಲ್ಲ ಎಂದು ನಿಲ್ಲಿಸಿದ್ದಳು. ಮಾತ್ರೆಯಿಂದಲೇ ಸರಿಹೋಗಿದ್ದು ಎಂದು ನಾನು ಹೇಳಿದರೆ, "ನೀನು ಮೂಳೆ ನೋಡೋಳು, ಮೂಳೆ ನೋಡ್ಕೋ" ಎನ್ನುವಳು. ಅದೇ ಬಾಯಲ್ಲಿ ರೋಗಿಗಳಿಗೆ ಉಪ್ಪು ಕಡಿಮೆ ಮಾಡಿ, ದಿನಾ ನಡೀರಿ, ಮಾತ್ರೆ ತಪ್ಪಿಸಬೇಡಿ ಎಂದು ಪುಕ್ಕಟೆ ಉಪದೇಶ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ.

ಅಕ್ಕನ ಪ್ರಕಾರ ಹೃದಯದ ಕಾಯಿಲೆ ಗಂಡಸರ ಸ್ವತ್ತು. ಎದೆ ಹಿಡಿದುಕೊಂಡು, ಬೆವರು ಸುರಿಸುತ್ತ ಬಂದರೆ ಅದು ಹೃದಯ. ಅಂಥವರನ್ನು ಸಾಲಿನ ಮುಂದಕ್ಕೆ ಕರೆಯುವಳು. ಹೆಂಗಸರು ಬಂದು ಬೆನ್ನು ನೋವು, ವಾಕರಿಕೆ, ಸುಸ್ತು, ಮೆಟ್ಟಿಲು ಹತ್ತಿದರೆ ಉಸಿರು ಸಾಲದು ಎಂದರೆ, "ಮನೆಗೆಲಸ ಜಾಸ್ತಿಯಾಗಿದೆ ಕಣಮ್ಮ, ಗ್ಯಾಸು. ಬಿಸಿನೀರು ಕುಡಿ, ಆಮೇಲೆ ಕರೀತೀನಿ" ಎಂದು ಬೆಂಚಿನ ಕೊನೆಗೆ ಕಳಿಸುವಳು. ಕೆಲವರು ಕಾಯುತ್ತಿದ್ದರು. ಕೆಲವರು ಮಕ್ಕಳು ಶಾಲೆಯಿಂದ ಬರುವ ಹೊತ್ತಾಯಿತೆಂದು ಎದ್ದು ಹೋಗುತ್ತಿದ್ದರು.

ಈ ವರ್ಷ ನಮ್ಮ ಹಳೆಯ ಮಷೀನು ಕುಂಟತೊಡಗಿತು. ಹೊಸದೊಂದನ್ನು ತರಿಸಿದರು. ಹೊಸ ಮಷೀನು ಬಂದರೆ ಅದರ ಪರೀಕ್ಷೆಗೆ ಮೊದಲು ಅಕ್ಕನೇ ಮಲಗಬೇಕು, ಅದು ನಮ್ಮಲ್ಲಿ ನಡೆದುಬಂದ ಪದ್ಧತಿ. ಅವಳ ಗ್ರಾಫ್ ಸರಿಯಾಗಿ ಬರದ ಮಷೀನು ರೋಗಿಯ ಮೈ ಮುಟ್ಟುವಂತಿಲ್ಲ. ಕಾರಣ ಅವಳ ಗೋಡೆಯ ಮೇಲಿದೆ. ಹದಿನೈದು ವರ್ಷದ ಹಿಂದಿನ ಅವಳದೇ ಗ್ರಾಫ್, ಚೌಕಟ್ಟು ಹಾಕಿಸಿದ್ದು. ಕಲಿಯಲು ಬಂದವರಿಗೆಲ್ಲ ಅದನ್ನು ತೋರಿಸಿ, "ಸರಿಯಾದ ಹೃದಯ ಅಂದ್ರೆ ಹೀಗಿರುತ್ತೆ" ಎನ್ನುವಳು. ಅವಳ ಮದುವೆ ಫೋಟೋಗೂ ಇಷ್ಟು ಸಲ ಒರೆಸಿಕೊಳ್ಳುವ ಭಾಗ್ಯವಿಲ್ಲ.

ಅವಳು ಮಲಗಿದಳು, ನಾನು ವೈರು ಅಂಟಿಸಿದೆ. ಕಾಗದ ಬಂತು. ಮೇಲಕ್ಕೆ ಏಳಬೇಕಾದ ಅಲೆಗಳು ಕೆಲವು ಕಡೆ ಕೆಳಕ್ಕೆ ಮುಖ ಮಾಡಿದ್ದವು.

"ಎಡ ಬಲ ಗೊತ್ತಿಲ್ವೇನೇ ನಿನಗೆ? ವೈರು ಅದಲುಬದಲು ಮಾಡಿದೀಯ."

ಬಿಚ್ಚಿ ಮತ್ತೆ ಅಂಟಿಸಿದೆ. ಅಲೆಗಳು ಜಪ್ಪಯ್ಯ ಅನ್ನಲಿಲ್ಲ. ಮಷೀನೇ ಸರಿಯಿಲ್ಲ ಎಂದು ತೀರ್ಪಾಯಿತು. ದೂರು ಬರೆದು ವಾಪಸ್ ಕಳಿಸಿದೆವು. ಮೂರು ವಾರಕ್ಕೆ ಎರಡನೆಯದು ಬಂತು. ಅದೂ ಅದೇ ರಾಗ ಹಾಡಿತು. "ಒಂದೇ ಕಾರ್ಖಾನೆ ಮಾಲು ತಾನೆ, ಒಂದೇ ರೋಗ" ಎಂದು ಅದನ್ನೂ ಕಟ್ಟಿಸಿದಳು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಗಾದೆ ನನಗೆ ಈಗ ನೆನಪಾಗುತ್ತಿದೆ. ಅವತ್ತು ದೂರಿನ ಪತ್ರ ಬರೆದುಕೊಟ್ಟ ಮಹಾಬುದ್ಧಿವಂತೆ ನಾನೇ.

ಈ ನಡುವೆ ಅಕ್ಕನಿಗೆ ದವಡೆ ನೋವು. ಬಸ್ಸಿಗೆ ಓಡಿದರೆ ಬರುತ್ತದೆ, ಸೀಟು ಸಿಕ್ಕರೆ ಹೋಗುತ್ತದೆ. ಓಡಿದಾಗ ಮಾತ್ರ ನೋಯುವ ಹಲ್ಲು ಯಾರ ಬಾಯಲ್ಲೂ ಇಲ್ಲ. ಆದರೂ ಹಟ ಹಿಡಿದು ಗಟ್ಟಿಮುಟ್ಟಾದ ಹಲ್ಲೊಂದನ್ನು ಕೀಳಿಸಿಕೊಂಡು ಬಂದಳು. ನೋವು ಹೋಗಲಿಲ್ಲ.

"ಪಕ್ಕದ ಹಲ್ಲಿರಬೇಕು" ಎಂದಳು.

ಮೂರನೆಯ ಮಷೀನಿನ ಜೊತೆ ಕಂಪನಿಯ ಬಕ್ಕತಲೆಯ ರಿಪೇರಿಯವರೇ ಬಂದರು. ಎರಡು ಸಲ ಅವಮಾನ ನುಂಗಿದ ಮನುಷ್ಯ, ಮುಖ ಗಂಟು ಹಾಕಿಕೊಂಡಿದ್ದರು. ಅಕ್ಕ ಮಲಗಿದಳು. ಅದೇ ಅಲೆಗಳು. "ನೋಡಿ, ಇದೂ ಕೆಟ್ಟಿದೆ" ಎಂದಳು. ಅವರು ಅಂಗಿ ಬಿಚ್ಚಿ ತಾವೇ ಮಲಗಿದರು. ಪಾಠಪುಸ್ತಕದಲ್ಲಿ ಇರುವಂಥ ಗ್ರಾಫ್ ಬಂತು. ನೆಲ ಒರೆಸುವ ಅಮ್ಮನನ್ನು ಮಲಗಿಸಿದೆವು. ಅದೂ ಸರಿ.

"ಮಷೀನಲ್ಲಿ ಏನೂ ಇಲ್ಲ ಮೇಡಂ" ಎಂದರು ಅವರು, ಗುಂಡಿ ಹಾಕಿಕೊಳ್ಳುತ್ತ. ಮುಖದ ಗಂಟು ಸಡಿಲಾಗಿತ್ತು, ಅಕ್ಕನನ್ನು ನೋಡುವ ಧೈರ್ಯ ಮಾತ್ರ ಇರಲಿಲ್ಲ.

"ನನ್ನ ಚರ್ಮ ಒಣಗಿದೆ, ಅದಕ್ಕೇ ಹಿಡೀತಿಲ್ಲ" ಎಂದು ಅಕ್ಕ ಸೆರಗು ಸರಿಮಾಡಿಕೊಂಡು, ಬಾಗಿಲು ತೆಗೆದು ಮುಂದಿನವರನ್ನು ಕರೆದಳು.

ನಾನು ದೂರಿನ ಫೈಲು ತೆರೆದೆ. ಮೂರೂ ಮಷೀನಿನ ಕಾಗದಗಳನ್ನು ಎತ್ತಿಕೊಂಡು ಮೇಲಿನ ಮಹಡಿಯ ಹೃದಯದ ಡಾಕ್ಟರ ಬಳಿ ಓಡಿದೆ. ಪರೀಕ್ಷೆಯ ಕಾಗದಗಳಾದ್ದರಿಂದ ಹೆಸರು ಬರೆದಿರಲಿಲ್ಲ, ತಾರೀಕು ಮಾತ್ರ ಇತ್ತು. ಅವರು ಮೂರನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟರು.

"ಮೂರೂ ಒಬ್ಬನದ್ದೇ. ವಾರದಿಂದ ವಾರಕ್ಕೆ ಹದಗೆಡ್ತಾ ಇದೆ. ಎಲ್ಲಿದಾನೆ ಈ ಮನುಷ್ಯ? ನಡೆಸಬೇಡಿ, ಗಾಲಿಕುರ್ಚಿಯಲ್ಲಿ ಕರ್ಕೊಂಡು ಬನ್ನಿ."

"ಗಂಡಸಲ್ಲ ಸರ್, ನಮ್ಮ ಇಸಿಜಿ ಅಕ್ಕ. ಕೆಳಗೆ ಊರವರ ಗ್ರಾಫ್ ತೆಗೀತಿದಾಳೆ."

ಡಾಕ್ಟರ ಮುಖ ಹುಳ್ಳಗಾಯಿತು. ಓದಿದವರ ಕಣ್ಣಿಗೂ ಕೆಟ್ಟ ಹೃದಯಕ್ಕೆ ಮೀಸೆ ಇರುತ್ತದೆ ಎಂದು ಅವತ್ತು ತಿಳಿಯಿತು. ನಗು ಬರಬೇಕಿತ್ತು, ಬರಲಿಲ್ಲ.

ಗಾಲಿಕುರ್ಚಿ ತಂದರೆ ಅಕ್ಕ ಕೂರಲೊಲ್ಲಳು. "ಇನ್ನೂ ಹನ್ನೊಂದು ಜನ ಇದಾರೆ ಕಣೇ. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ."

"ಗುಂಡುಕಲ್ಲಾದ್ರೂ ಸರಿ, ಕೂತ್ಕೋ."

"ಅವರನ್ನ ಯಾರು ನೋಡ್ತಾರೆ, ನಿಮ್ಮಪ್ಪನಾ?"

ಹೀಗೆ ನಾಲ್ಕು ಮಾತು ಬೈಯುವಷ್ಟರಲ್ಲಿ ಅವಳು ಮೇಜು ಹಿಡಿದುಕೊಂಡಳು. ಹಣೆಯ ಮೇಲೆ ಬೆವರು. "ಸುಮ್ನೆ ನಿಂತಿದ್ರೂ ದವಡೆ ನೋಯ್ತಿದೆ" ಎಂದು ಸಣ್ಣ ದನಿಯಲ್ಲಿ ಹೇಳಿ, ತಾನಾಗಿಯೇ ಕುರ್ಚಿಯಲ್ಲಿ ಕೂತಳು. ಲಿಫ್ಟ್ ಬಾಗಿಲು ಮುಚ್ಚುವವರೆಗೂ ಅವಳ ಕೈ ನನ್ನ ಮುಂಗೈ ಹಿಡಿದೇ ಇತ್ತು. ಅವಳ ಗಂಡನಿಗೆ ಫೋನ್ ಮಾಡಿದರೆ, "ಅವಳ ಕೆಲಸ ಬೇರೆಯವರಿಗೆ ಇಸಿಜಿ ಮಾಡೋದಲ್ವಾ, ಅವಳಿಗ್ಯಾಕೆ ಮಾಡಿದ್ರಿ?" ಎಂದರು. ಪಾಪ, ಅವರ ತಲೆಗೂ ಹೋಗಲಿಲ್ಲ.

ದವಡೆಗೆ ಬರುತ್ತಿದ್ದುದು ಹೃದಯದ ನೋವೇ. ಹೃದಯದ ಒಂದು ರಕ್ತನಾಳ ಹೆಚ್ಚುಕಡಿಮೆ ಪೂರ್ತಿ ಕಟ್ಟಿತ್ತು, ಇನ್ನೊಂದು ಅರ್ಧ. ಎರಡಕ್ಕೂ ಸ್ಟೆಂಟ್ ಹಾಕಿದರು. ಇನ್ನೊಂದು ದಿನ ತಡವಾಗಿದ್ದರೆ ಹೇಳಲಾಗುತ್ತಿರಲಿಲ್ಲ ಎಂದರು ಡಾಕ್ಟರು.

ಮೂರನೆಯ ದಿನ ಸಂಜೆ ವಾರ್ಡಿಗೆ ಹೋದೆ. ಸಪ್ಪೆ ಊಟದ ಮೇಲೆ, ನರ್ಸಿನ ಮೇಲೆ, ದಿಂಬಿನ ಮೇಲೆ ಅವಳ ದೂರುಗಳ ಪಟ್ಟಿ ಸಿದ್ಧವಿತ್ತು. ಬದುಕಿದಳು ಎಂದುಕೊಂಡೆ. ಅಷ್ಟರಲ್ಲಿ ಮಾತು ನಿಲ್ಲಿಸಿ ಗೋಡೆಯ ಕಡೆ ತಿರುಗಿದಳು. ಅಳುತ್ತಿದ್ದಳು. ಇಪ್ಪತ್ತೆರಡು ವರ್ಷದಲ್ಲಿ ನಾನು ಅದನ್ನು ಕಂಡಿರಲಿಲ್ಲ.

"ಬೆನ್ನು ನೋವು, ಸುಸ್ತು ಅಂತ ಎಷ್ಟು ಜನ ಬಂದಿದ್ರು ಕಣೇ. ಗ್ಯಾಸು ಅಂತ ಕೊನೇಲಿ ಕೂರಿಸಿದೆ. ಕಾದು ಕಾದು ಎದ್ದು ಹೋದ್ರಲ್ಲ, ಅವರೆಲ್ಲ ಏನಾದ್ರೋ."

ಸುಮ್ಮನಿರು, ನಿನ್ನ ಕೈಯಲ್ಲೇನಿತ್ತು ಎಂದು ಹೇಳಲು ಬಾಯಿ ತೆರೆದೆ. ಆದರೆ ಆ ಹೆಂಗಸರು ಬ್ಯಾಗು ಎತ್ತಿಕೊಂಡು ನನ್ನ ಬಾಗಿಲ ಮುಂದೆಯೇ ಹಾದು ಹೋಗುತ್ತಿದ್ದರು. ಟೀ ಕುಡಿಯುತ್ತ ನೋಡುತ್ತಿದ್ದೆ. ಒಬ್ಬರನ್ನೂ ನಿಲ್ಲಿಸಿ, ಅಮ್ಮ, ಯಾಕೆ ಹೊರಟಿರಿ ಎಂದು ನಾನು ಕೇಳಿದವಳಲ್ಲ.