‘ತಿಳ್ಕೊಂಡು ಮಾಡು’ ಎನ್ನುವವರ ನಡುವೆ

ನಿನ್ನ ಕೆಲಸ ಏನು ಎಂದು ಯಾರಾದರೂ ಕೇಳಿದರೆ ಮೊದಲು ನನಗೆ ನಗು ಬರುತ್ತಿತ್ತು. ಈಗ ಮೈ ಉರಿಯುತ್ತದೆ. ನಮ್ಮ ಕಂಪನಿ ಯಾವುದೋ ಡೇಟಾ ಸೆಂಟರಿನಲ್ಲಿ ನೂರಾರು ಕಂಪ್ಯೂಟರುಗಳನ್ನು ಬಾಡಿಗೆಗೆ ಹಿಡಿದಿದೆ. ಕ್ಲೌಡ್ ಮಷೀನು ಎನ್ನುತ್ತೇವೆ. ಅವನ್ನು ಬೇಕಾದಾಗ ಚಾಲೂ ಮಾಡುವುದು, ಬಾಡಿಗೆ ಉಳಿಸಲು ನಿಲ್ಲಿಸುವುದು ಈಗ ಮನುಷ್ಯರ ಕೆಲಸವಲ್ಲ, ಒಂದು ಎಐ ಏಜೆಂಟಿನದು. ಅದರ ಕೈಗೆ ಕೊಟ್ಟ ಒಂದೊಂದು ಟೂಲಿಗೂ ವಿವರಣೆ ಬರೆಯುವವಳು ನಾನು. ಇದನ್ನು ಬಳಸಿದರೆ ಏನಾಗುತ್ತದೆ, ಯಾವಾಗ ಬಳಸಬೇಕು, ಯಾವಾಗ ಮುಟ್ಟಲೇಬಾರದು. ಮಷೀನನ್ನು ನಂಬಿ ಕೂತವರ ಮುಖ ಏಜೆಂಟಿಗೆ ಕಾಣುವುದಿಲ್ಲ. ನಾನು ಬರೆದ ನಾಲ್ಕು ಸಾಲೇ ಅದಕ್ಕೆ ಗತಿ.

ಆ ನಾಲ್ಕನ್ನು ಒಂದು ಮಾಡುವುದು ನಮ್ಮ ಮ್ಯಾನೇಜರರ ಹವ್ಯಾಸ. ಧಾರವಾಡದವರು. ಮೀಟಿಂಗಿನಲ್ಲಿ ಇಂಗ್ಲಿಷ್, ಕಾಫಿ ಮಷೀನಿನ ಹತ್ತಿರ ನನ್ನೊಡನೆ ಕನ್ನಡ. ಕೆಟ್ಟವರೇನಲ್ಲ, ಹಬ್ಬ ಬಂದರೆ ಮನೆಯಿಂದ ಶೇಂಗಾ ಹೋಳಿಗೆ ತಂದು ಇಡೀ ಟೀಮಿಗೆ ಹಂಚುತ್ತಾರೆ. ಆದರೆ ಉದ್ದದ ವಾಕ್ಯ ಕಂಡರೆ ಅವರಿಗೆ ಆಗುವುದಿಲ್ಲ.

ಮಷೀನ್ ನಿಲ್ಲಿಸುವ ಟೂಲಿಗೆ ನಾನು ಹೀಗೆ ಬರೆದಿದ್ದೆ: ‘ಸುಮ್ಮನಿರುವ ಮಷೀನನ್ನು ನಿಲ್ಲಿಸುತ್ತದೆ. ನಿಲ್ಲಿಸಿದರೆ ಅದರ ತಾತ್ಕಾಲಿಕ ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಉದ್ದದ ಕೆಲಸಗಳು ನಡುವೆ ಸ್ವಲ್ಪ ಹೊತ್ತು ಸುಮ್ಮನಿರುವುದುಂಟು. ಆದ್ದರಿಂದ ಆ ಡಿಸ್ಕಿನಲ್ಲಿ ಏನಾದರೂ ಇದ್ದರೆ ಮಾಲೀಕರನ್ನು, ಎಂದರೆ ಅದರಲ್ಲಿ ಕೆಲಸ ಓಡಿಸುತ್ತಿರುವವರನ್ನು, ಕೇಳದೆ ನಿಲ್ಲಿಸಬೇಡ.’

ಮ್ಯಾನೇಜರ್ ನಿಂತುಕೊಂಡೇ ಓದಿದರು. “ಇಷ್ಟುದ್ದ ಯಾಕ್ರಿ ಮೇಡಂ? ಅದೇನು ಸಣ್ಣ ಕೂಸೇನು? ಭಾಳ ಶಾಣ್ಯಾ ಅದ. ತಾನ ತಿಳ್ಕೋತದ.”

ನಾನು ವಾದಿಸಿದೆ. ಗೋಡೆಗೆ ಹೇಳಿದ ಹಾಗಾಯಿತು. ಮೊದಲ ಸಾಲು ಉಳಿಯಿತು, ಮಿಕ್ಕ ಮೂರೂ ಹೋದವು.

ತಾನೇ ತಿಳಿದುಕೊಳ್ಳುತ್ತದಂತೆ! ಈ ಮಾತಿಗೂ ನನಗೂ ಹಳೆಯ ದ್ವೇಷವಿದೆ. ಮದುವೆಯಾದ ಹೊಸತು, ಮೈಸೂರಿನ ಅತ್ತೆಮನೆಯಲ್ಲಿ ಗೌರಿ ಹಬ್ಬ. ಅತ್ತೆ ಪೂಜೆಗೆ ಕೂರುವ ಮುಂಚೆ, “ಬುಟ್ಟೀಲಿ ತರಕಾರಿ ಇದೆ, ಏನಾದ್ರೂ ಒಂದು ಪಲ್ಯ ಮಾಡಮ್ಮ. ಓದಿದ ಹುಡುಗಿ, ನೀನೇ ತಿಳ್ಕೊಂಡು ಮಾಡು” ಎಂದರು. ಬುಟ್ಟಿಯಲ್ಲಿ ಎಳೆಯ ಹಾಗಲಕಾಯಿ ಇತ್ತು. ಬೆಲ್ಲ, ಹುಣಸೆ, ಕೊಬ್ಬರಿ ಹಾಕಿ, ನನ್ನ ಕೈಗುಣವನ್ನೆಲ್ಲ ಸುರಿದು ಮಾಡಿದೆ. ಬಡಿಸುತ್ತಿದ್ದಂತೆ ಅತ್ತೆ ನನ್ನ ಕೈಯ ಸೌಟು ಹಿಡಿದು ನಿಲ್ಲಿಸಿದರು. “ಹಬ್ಬದ ದಿನ ಹಾಗಲಕಾಯಾ? ತಿಥಿ ಅಡುಗೆ ಕಣಮ್ಮ ಅದು! ಅದನ್ನೂ ಹೇಳ್ಕೊಡ್ಬೇಕಾ?” ನಮ್ಮ ಮನೆಯಲ್ಲಿ ಅಪ್ಪ ಯಾವ ದಿನ ಬೇಕಾದರೂ ಹಾಗಲಕಾಯಿ ತಿನ್ನುತ್ತಿದ್ದರು. ಬುಟ್ಟಿಯಲ್ಲಿ ಅದನ್ನು ಇಟ್ಟವರು ಯಾರು ಎಂದು ಒಬ್ಬರೂ ಕೇಳಲಿಲ್ಲ. ಅಂದು ನುಂಗಿಕೊಂಡದ್ದು ಇಂದಿಗೂ ಜೀರ್ಣವಾಗಿಲ್ಲ.

ನಮ್ಮ ಟೀಮಿನಲ್ಲಿ ಬೆಂಗಳೂರಿನ ಒಬ್ಬಳು ಹುಡುಗಿ ಇದ್ದಾಳೆ, ನಮ್ಮ ಹಾಗೆ ಕೆಲಸಕ್ಕೆಂದು ಈ ಪರದೇಶಕ್ಕೆ ಬಂದವಳು. ಮಾನ್ಮತ್ ಜಂಕ್ಷನ್ನಿನಲ್ಲಿ ನಮ್ಮದೇ ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿ ಅವಳ ಮನೆ. ಮಾರಿಸ್‌ಟೌನಿನ ಆಫೀಸಿಗೆ ಇಬ್ಬರೂ ಒಂದೇ ಕಾರಿನಲ್ಲಿ ಹೋಗಿ ಬರುತ್ತೇವೆ. ಅವಳು ವಾರಗಟ್ಟಲೆ ಒಂದು ಮಷೀನಿನಲ್ಲಿ ಪರೀಕ್ಷೆ ಓಡಿಸುತ್ತಿದ್ದಳು. ಫಲಿತಾಂಶವೆಲ್ಲ ತಾತ್ಕಾಲಿಕ ಡಿಸ್ಕಿನಲ್ಲಿ ಸೇರುತ್ತಿತ್ತು, ಅದು ವೇಗ ಎಂದು. ಅದನ್ನು ಕ್ಲೈಂಟಿಗೆ ತೋರಿಸಿದರೆ ಅವಳ ಪ್ರಾಜೆಕ್ಟು ಉಳಿಯುತ್ತಿತ್ತು. ಪ್ರಾಜೆಕ್ಟಿನ ಮೇಲೆ ಕೆಲಸ, ಕೆಲಸದ ಮೇಲೆ ವೀಸಾ. ಒಂದು ಶುಕ್ರವಾರ ಎರಡು ಹಂತಗಳ ನಡುವೆ ಮಷೀನು ಕೊಂಚ ಹೊತ್ತು ಸುಮ್ಮನಾಯಿತು. ಏಜೆಂಟು ಬಂದು ನೋಡಿತು, ನಿಲ್ಲಿಸಿತು. ಎಲ್ಲವೂ ಹೋಯಿತು.

ಅದರದ್ದೇನು ತಪ್ಪು? ಹೇಳಿದ್ದನ್ನು ಅಚ್ಚುಕಟ್ಟಾಗಿ ಮಾಡಿತ್ತು.

ಸೋಮವಾರ ಮೀಟಿಂಗಿನಲ್ಲಿ ಎಲ್ಲರೂ ಏಜೆಂಟನ್ನು ಬೈದರು. ಆಮೇಲೆ ಕಾಫಿ ಮಷೀನಿನ ಹತ್ತಿರ ಮ್ಯಾನೇಜರ್ ತಲೆ ಕೊಡವಿ, “ಇಷ್ಟೂ ತಿಳೀಬ್ಯಾಡೇನ್ರಿ ಅದಕ್ಕ? ಇದನ್ನೂ ಹೇಳಬೇಕೇನು?” ಎಂದರು.

“ಹೌದು ಸರ್, ಹೇಳಬೇಕು,” ಎಂದೆ. ದನಿ ನಾನೆಣಿಸಿದ್ದಕ್ಕಿಂತ ಜೋರಾಗಿಯೇ ಬಂತು. “ನಾನು ಹೇಳಿದ್ದೆ. ನೀವು ಅಳಿಸಿದ್ರಿ.”

ಅವರು ಕಾಫಿ ಕಲಕುತ್ತಾ ನಿಂತರು. ಸಕ್ಕರೆ ಹಾಕಿರಲೇ ಇಲ್ಲ.

ಕ್ಲೈಂಟಿನವರು ಪುಣ್ಯಕ್ಕೆ ಇನ್ನಷ್ಟು ಸಮಯ ಕೊಟ್ಟರು, ಇದೇ ಕೊನೆ ಎಂದು. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗ ಆ ಹುಡುಗಿ ಕಿಟಕಿಯ ಕಡೆ ನೋಡುತ್ತ, “ಪರ್ವಾಗಿಲ್ಲ ಬಿಡಿ ಅಕ್ಕ, ಮತ್ತೆ ಓಡಿಸ್ತೀನಿ” ಎಂದಳು. ನನಗೆ ಆ ಪರವಾಗಿಲ್ಲದ ಮೇಲೂ ಸಿಟ್ಟು ಬಂತು. ಪರವಾಗಿಲ್ಲ ಎನ್ನುವ ಸೊಸೆಯಂದಿರಿಂದಲೇ ಈ ಲೋಕ ಹೀಗಿರುವುದು.

ಮರುದಿನ ಆ ಮೂರು ಸಾಲನ್ನೂ ಮತ್ತೆ ಹಾಕಿದೆ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಜೊತೆಗೆ ಇನ್ನೊಂದು ಸೇರಿಸಿದೆ: ‘ಮಾಲೀಕರು ಸಿಗದಿದ್ದರೆ ಮ್ಯಾನೇಜರನ್ನು ಕೇಳು.’ ಅವಳು ಪರೀಕ್ಷೆಯನ್ನು ಮೊದಲಿನಿಂದ ಶುರು ಮಾಡಿದಳು.

ಇನ್ನೇನು ಮುಗಿಯುತ್ತ ಬಂದಿದೆ ಎನ್ನುವಾಗ, ಅಂದು ಬೇರೆ ಕಾರಿನಲ್ಲಿ ಬಂದಿದ್ದ ಅವಳು ತನ್ನ ಮಗುವನ್ನು ಕರೆತರಲು ಡೇಕೇರಿಗೆ ಹೋಗಿದ್ದ ಹೊತ್ತಿನಲ್ಲಿ, ಮ್ಯಾನೇಜರ್ ಲ್ಯಾಪ್‌ಟಾಪ್ ಹಿಡಿದುಕೊಂಡು ನನ್ನ ಮೇಜಿಗೆ ಬಂದರು. ಪರದೆಯ ಮೇಲೆ ಏಜೆಂಟಿನ ಸಂದೇಶವಿತ್ತು. ಈ ಮಷೀನು ಸುಮ್ಮನಿದೆ, ಆದರೆ ತಾತ್ಕಾಲಿಕ ಡಿಸ್ಕಿನಲ್ಲಿ ಫೈಲುಗಳಿವೆ, ನಿಲ್ಲಿಸಿದರೆ ಅಳಿಸಿಹೋಗುತ್ತವೆ, ಮಾಲೀಕರು ಉತ್ತರಿಸುತ್ತಿಲ್ಲ, ನಿಲ್ಲಿಸಲೇ? ಮಷೀನು ಅವಳದು. ಅವರು ನನ್ನೆದುರೇ ‘ಬೇಡ’ ಎಂದು ಒತ್ತಿದರು. ಮುಖ ಊರಗಲವಾಗಿತ್ತು.

“ನೋಡ್ರಿ ಮೇಡಂ, ನಾ ಹೇಳಿದ್ದಿಲ್ಲಾ? ಭಾಳ ಶಾಣ್ಯಾ ಅದ! ಹೆಂಗ ತಾನ ತಿಳ್ಕೊಂಡು ಕೇಳ್ತು!”

“ತಾನೇ ತಿಳ್ಕೊಂಡಿದ್ದಲ್ಲ ಸರ್,” ಎಂದೆ. “ಕೇಳು ಅಂತ ಅದಕ್ಕೆ ಯಾರೋ ಬಾಯಿಬಿಟ್ಟು ಹೇಳಿದ್ರು.”