ಬಿಸಿಲಕ್ಕ ಅಳೆದ ಸೂರ್ಯ

ವೀಕ್ಷಣಾಲಯದಲ್ಲಿ ಎಲ್ಲರೂ ಅವಳನ್ನು ಬಿಸಿಲಕ್ಕ ಎಂದೇ ಕರೆಯುತ್ತಿದ್ದರು. ಉಳಿದವರು ನಕ್ಷತ್ರ ನೋಡಲು ರಾತ್ರಿ ಬರುವವರು, ಇವಳದು ಮಟಮಟ ಮಧ್ಯಾಹ್ನದ ಕೆಲಸ. ಕಪ್ಪು ಗಾಜು ಹಾಕಿದ ದುರ್ಬೀನಿನೊಳಗೆ ಜೇಡನ ಎಳೆಯಷ್ಟು ತೆಳ್ಳನೆಯ ತಂತಿಯೊಂದು ಕಾಣುತ್ತದೆ. ಸೂರ್ಯನ ಮುಂದಿನ ಅಂಚು ತಂತಿಯನ್ನು ಮುಟ್ಟಿದಾಗ ಒಮ್ಮೆ, ಹಿಂದಿನ ಅಂಚು ಬಿಟ್ಟಾಗ ಇನ್ನೊಮ್ಮೆ ಗುಂಡಿ ಒತ್ತಬೇಕು. ಪಕ್ಕದ ಕೋಣೆಯಲ್ಲಿ ಗಡಿಯಾರದ ಮುಂದೆ ಕೂತ ತಂಗಿ ನಡುವಿನ ಹೊತ್ತನ್ನು ಹಿಡಿಯುತ್ತಾಳೆ. ಆ ಹೊತ್ತಿನಿಂದಲೇ ಸೂರ್ಯನ ಗಾತ್ರ ಸಿಗುತ್ತದೆ. ಮದುವೆ ಗಿದುವೆ ಎಂದು ತಲೆ ಕೆಡಿಸಿಕೊಳ್ಳದೆ ಇಬ್ಬರೂ ಇದರಲ್ಲೇ ಕೂದಲು ನರೆಸಿಕೊಂಡಿದ್ದರು. ಸೂರ್ಯನಷ್ಟು ದುಂಡಗಿನದು ಇನ್ನೊಂದಿಲ್ಲ ಎಂದು ಬಿಸಿಲಕ್ಕನ ಅಂಬೋಣ. ಅಂಗಡಿಯಲ್ಲಿ ಹೊಸ ತಟ್ಟೆ ಎತ್ತಿ ಹಿಡಿದು, "ಇದೂ ಒಂದು ದುಂಡೇನ್ರೀ?" ಎಂದು ಮೂಗು ಮುರಿಯುತ್ತಿದ್ದಳು.

ಅವಳ ತಲೆಗೆ ಒಂದು ಹುಳ ಹೊಕ್ಕಿತ್ತು. ಸೂರ್ಯನ ಒಡಲಲ್ಲಿ ಕಾಂತಶಕ್ತಿ ಕೆರಳಿದಾಗ ಮೈಮೇಲೆ ಕಪ್ಪು ಕಲೆಗಳು ಏಳುತ್ತವೆ, ಅದು ಎಲ್ಲರಿಗೂ ಗೊತ್ತು. ಹಾಗೆ ಕೆರಳಿದಾಗ ಅವನ ಮೈ ತುಸು ಕುಗ್ಗಲೂಬೇಕು ಎಂಬುದು ಇವಳ ಹಟ. ನಿರ್ದೇಶಕರು ನಕ್ಕು ಸಾಗಹಾಕುತ್ತಿದ್ದರು. ನಗಲಿ ಬಿಡಿ, ನಕ್ಕವರದೇನು ಗಂಟು ಹೋಗುತ್ತದೆ?

ಈಚೆಗೆ ಕಲೆಗಳು ಹೆಚ್ಚುತ್ತಾ ಬಂದವು. ಜೊತೆಜೊತೆಗೇ ಅವಳ ಅಳತೆಯಲ್ಲಿ ಸೂರ್ಯ ಚೂರುಚೂರೇ ಸಣ್ಣಗಾದ. "ನೋಡೇ, ಕುಗ್ತಿದ್ದಾನೆ! ನಾನು ಬಡ್ಕೊಳ್ತಿರ್ಲಿಲ್ವಾ?" ಎಂದು ಬಿಸಿಲಕ್ಕ ತಂಗಿಯ ಕೆನ್ನೆ ಹಿಂಡಿದಳು. ನಿರ್ದೇಶಕರ ನಗು ನಿಂತಿತು. ವಿಜ್ಞಾನಿಗಳ ದೊಡ್ಡ ಸಭೆಯಲ್ಲಿ ಮಾತಾಡಲು ಅವಳ ಹೆಸರನ್ನೇ ಕಳಿಸಿದರು. ಅವಳು ಹೊಸ ಚಪ್ಪಲಿ ಕೊಂಡು, ಕಚ್ಚದಿರಲೆಂದು ಮನೆಯೊಳಗೇ ಹಾಕಿಕೊಂಡು ಓಡಾಡತೊಡಗಿದಳು.

ಅಷ್ಟರಲ್ಲಿ ಜ್ವರ ಬಂದು ಮಲಗಿದಳು. ಅಳತೆ ತಪ್ಪಬಾರದೆಂದು ತಂಗಿ ನಿರ್ದೇಶಕರನ್ನು ಗಡಿಯಾರಕ್ಕೆ ಕೂರಿಸಿ ತಾನು ದುರ್ಬೀನಿಗೆ ಕೂತಳು. ಸಿಕ್ಕಿದ್ದು ಹಳೆಯ, ದೊಡ್ಡ ಸೂರ್ಯ. ಮರುದಿನವೂ ಅಷ್ಟೇ.

"ನಿಂದು ಕಣ್ಣೋ ಗೋಲಿಯೋ?" ಎಂದು ಅಕ್ಕ ಸಿಡುಕಿದಳು. ಜ್ವರ ಬಿಟ್ಟ ಮೇಲೆ ತಾನೇ ಅಳೆದಳು. ಸೂರ್ಯ ಮತ್ತೆ ಸಣ್ಣವನಾದ.

ತಂಗಿಗೆ ಆಗ ಒಂದೊಂದೇ ನೆನಪಾಯಿತು. ಅಕ್ಕ ಈಚೆಗೆ ಎಡಗಡೆಯ ಬಾಗಿಲ ಚೌಕಟ್ಟಿಗೆ ಭುಜ ಬಡಿಸಿಕೊಳ್ಳುತ್ತಿದ್ದಳು, ಎಡಕ್ಕಿಟ್ಟ ಲೋಟ ಉರುಳಿಸುತ್ತಿದ್ದಳು. ಇವಳು ಬೈದು ಸುಮ್ಮನಾಗಿದ್ದಳು. ದುರ್ಬೀನಿನಲ್ಲಿ ಸೂರ್ಯ ತಂತಿಯತ್ತ ಬರುವುದೂ ಎಡದಿಂದಲೇ. ಮುಂದಿನ ಅಂಚು ತಡವಾಗಿ ಕಂಡು, ಬಲಕ್ಕೆ ದಾಟುವ ಹಿಂದಿನದು ಸರಿಯಾಗಿ ಕಂಡರೆ ಸೂರ್ಯ ಸಣ್ಣಗಾಗದೆ ಇನ್ನೇನಾದಾನು? ಊಟಕ್ಕೆ ಕೂತಾಗ ಅಕ್ಕನ ಎಡಪಕ್ಕದಲ್ಲಿ ಪೆನ್ಸಿಲ್ ಹಿಡಿದಳು.

"ನೇರ ನೋಡ್ತಾ ಹೇಳಕ್ಕಾ, ಇದು ಕಾಣುತ್ತಾ?"

"ಯಾವುದೇ?"

ಮರುದಿನವೇ ತಂಗಿ ಅಕ್ಕನನ್ನು ಕಣ್ಣಿನ ವೈದ್ಯರಲ್ಲಿಗೆ ಕರೆದೊಯ್ದಳು.

ಕಣ್ಣಿನ ನರ ಒಣಗುತ್ತಿದೆ ಎಂದರು ವೈದ್ಯರು. ಹೋದ ದೃಷ್ಟಿ ಮರಳುವುದಿಲ್ಲ, ಉಳಿದದ್ದನ್ನು ಕಾಪಾಡುವುದೂ ಕಷ್ಟ. ಬಿಸಿಲಕ್ಕ ಎಲ್ಲವನ್ನೂ ಕೇಳಿಸಿಕೊಂಡು, "ಆಗ್ಲಿ ಡಾಕ್ಟ್ರೇ" ಎಂದು ಎದ್ದಳು.

ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ಕುರ್ಚಿಯಲ್ಲಿ ಕುಸಿದಳು.

"ಕಣ್ಣು ಹೋದ್ರೆ ಹೋಗ್ಲಿ ಕಣೇ. ಅವನು ಒಂಚೂರಾದ್ರೂ ಸಣ್ಣಗಾಗಿದ್ದಾನೆ ತಾನೇ? ನೀನೇ ಅಳೆದಿದ್ದೀಯಲ್ಲ, ಹೇಳೇ."

ಹೂಂ ಅಂದುಬಿಡಬೇಕೆಂದು ತಂಗಿಗೆ ಅನ್ನಿಸಿತು. ಆದರೆ ಗಡಿಯಾರದ ಮುಂದೆ ಕೂತು ಅಕ್ಕನಿಗೆ ಒಂದು ದಿನವೂ ಸುಳ್ಳು ಹೇಳಿದವಳಲ್ಲ ಅವಳು.

"ಇಲ್ಲ ಅಕ್ಕಾ. ಹೇಗಿದ್ನೋ ಹಾಗೇ ಇದ್ದಾನೆ."

ವೈದ್ಯರೆದುರು ಒಂದು ಹನಿಯನ್ನೂ ಹಾಕದ ಬಿಸಿಲಕ್ಕ ಆಗ ಬಿಕ್ಕಿಬಿಕ್ಕಿ ಅತ್ತಳು. ತಂಗಿ ಎದ್ದು, ಅವಳ ಬಲಗಡೆಗೆ ಬಂದು ಕೂತಳು.