ಸೊಸೆಯನ್ನು ತವರಿಗೆ ಕಳಿಸದ ಅತ್ತೆ

ಆಗ ನಮ್ಮ ಪಕ್ಕದ ಮನೆಯವಳಿಗೆ ಐವತ್ತು ದಾಟಿತ್ತು. ಮೂವತ್ತು ವರ್ಷದ ಹಿಂದಿನ ಮಾತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಯಾರು ಏನೇ ಕಷ್ಟ ಹೇಳಿಕೊಂಡರೂ "ನಾನಿವ್ನಿ, ಬುಡು" ಅನ್ನುತ್ತಿದ್ದಳು.

ಅವಳ ಸೊಸೆಗೆ ಎರಡು ಸಲ ಐದನೇ ತಿಂಗಳಲ್ಲೇ ಮಗು ಹೋಗಿತ್ತು. ಮೂರನೇ ಸಲ ಕೃಷ್ಣರಾಜಪೇಟೆಯ ಡಾಕ್ಟರಮ್ಮ ಸ್ಕ್ಯಾನು ಮಾಡಿ, ಗರ್ಭದ ಬಾಯಿ ಗಿಡ್ಡವಾಗಿದೆ, ಮಗುವಿನ ಭಾರಕ್ಕೆ ಬೇಗ ತೆರೆದುಕೊಳ್ಳುತ್ತದೆ ಎಂದು ಹೊಲಿಗೆ ಹಾಕಿದರು. ಭಾರ ಎತ್ತಬಾರದು, ನೋವು ಕಂಡರೆ ತಕ್ಷಣ ಬರಬೇಕು, ತಿಂಗಳು ತುಂಬುವಾಗ ಹೊಲಿಗೆ ಬಿಚ್ಚುತ್ತೇನೆ ಅಂದರು.

ಏಳನೇ ತಿಂಗಳಲ್ಲಿ ಮಡಿಲು ತುಂಬಿ ಕರೆದೊಯ್ಯಲು ಸೊಸೆಯ ಅಪ್ಪ ಅಮ್ಮ ಅಕ್ಕಿಹೆಬ್ಬಾಳಿನಿಂದ ಟೆಂಪೋದಲ್ಲಿ ಬಂದರು. ದಾರಿಯೆಲ್ಲ ಹಳ್ಳದಿಣ್ಣೆ.

"ಕಳ್ಸಕಿಲ್ಲ," ಅಂದಳು ಇವಳು.

"ಮೊದಲ್ನೇ ಬಾಣಂತನ ತವರಲ್ಲೇ ಆಗ್ಬೇಕು ಕಣ್ ಬೀಗಿತ್ರೇ. ಊರೋರು ಏನಂದಾರು?" ಎಂದು ಬೀಗರು ರೇಗಿದರು.

"ಅಂದ್ಕಳ್ಲಿ. ಹೊಲಿಗೆ ಬಿಚ್ಚೋಗಂಟ ಇವ್ಳು ಇಲ್ಲೇ. ದಾರೀಲಿ ನೋವು ಬಂದ್ರೆ ನಿಮ್ ಟೆಂಪೋ ಡ್ರೈವರು ನೋಡ್ತಾನಾ?"

ಅವರ ಜಗಲಿಯಲ್ಲಿ ಕೂತಿದ್ದ ನಾನು ನಕ್ಕುಬಿಟ್ಟೆ. ಬೀಗರು ನಗಲಿಲ್ಲ, ಉಣ್ಣದೆ ಎದ್ದು ಹೋದರು. ಸೊಸೆ ಅತ್ತಳು.

ತಿಂಗಳು ತುಂಬಿಯೇ ಹುಟ್ಟಿದ ಆ ಮಗಳು ಈಗ ಸ್ಕೂಟರು ಓಡಿಸಿಕೊಂಡು ಬಂದು ನಮ್ಮ ಕೋಳಿಗಳನ್ನು ಹೆದರಿಸುತ್ತಾಳೆ. ಆದರೆ ಅದು ಆಮೇಲಿನ ಮಾತು. ಬೀಗರು ಮುನಿಸಿಕೊಂಡು ಹೋದ ಮರುದಿನ ಬೆಳಿಗ್ಗೆ ಇವಳು ಮೊದಲ ಬಸ್ಸಿಗೆ ಅಕ್ಕಿಹೆಬ್ಬಾಳಿಗೆ ಹೋಗಿ, ಬೀಗಿತ್ತಿಯನ್ನು ಬಟ್ಟೆಗಂಟಿನ ಸಮೇತ ಕರೆತಂದಳು. ತನ್ನ ಒಲೆಯ ಮುಂದೆ ಕೂರಿಸಿ, "ಇದೇ ನಿನ್ ಮನೆ ಅನ್ಕಳವ್ವ. ಉಪ್ಪು ಆ ಡಬ್ಬೀಲದೆ," ಅಂದಳು.